ಪೆಟ್ಟಿಗೆ ನಷ್ಟಕ್ಕೆ, ಅಂಗಡಿ ಲಾಭಕ್ಕೆ: ಗೇಮ್ ಕನ್ಸೋಲ್ ಕಂಪನಿಗಳ ಕಾದಾಟ ಶಿರಸಿ–ಕಾರವಾರದಿಂದ ನೋಡಿದರೆ

ಅಡಿಕೆ ದುಡ್ಡು ಕೈಗೆ ಬರುವ ಹೊತ್ತಿಗೆ ಶಿರಸಿಯ ಕೆಲವು ಮನೆಗಳಲ್ಲಿ ಒಂದೇ ಚರ್ಚೆ ಮತ್ತೆ ಮತ್ತೆ ಏಳುತ್ತದೆ: ಪಿಎಸ್5 ತರೋದಾ, ಎಕ್ಸ್‌ಬಾಕ್ಸ್ ತರೋದಾ? ಎರಡೂ ಟಿವಿಗೆ ಸಿಕ್ಕಿಸಿ ವಿಡಿಯೊ ಗೇಮ್ ಆಡುವ ಪೆಟ್ಟಿಗೆಗಳು, ಅಂದರೆ ಕನ್ಸೋಲ್‌ಗಳು; ಪಿಎಸ್5 (ಪ್ಲೇಸ್ಟೇಷನ್ 5) ಸೋನಿಯದ್ದು, ಎಕ್ಸ್‌ಬಾಕ್ಸ್ ಮೈಕ್ರೋಸಾಫ್ಟಿನದ್ದು. ಮಗ ಯೂಟ್ಯೂಬ್ ನೋಡಿ ಚಿಪ್ಪಿನ ವೇಗ ಅಳೆಯುವ ಟೆರಾಫ್ಲಾಪ್ ಲೆಕ್ಕ ಒಪ್ಪಿಸುತ್ತಾನೆ. ಅಪ್ಪನಿಗೆ ಅಷ್ಟು ದುಡ್ಡಿಗೆ ತೋಟಕ್ಕೆ ಕಳೆ ಹೊಡೆಯುವ ಮಷಿನ್ ಕಾಣಿಸುತ್ತದೆ. ಇಬ್ಬರೂ ನೋಡುತ್ತಿರುವುದು ಪೆಟ್ಟಿಗೆಯನ್ನೇ. ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊ ಮಾತ್ರ ಕಾದಾಡುತ್ತ ಬಂದಿರುವುದು ಬಹುಮಟ್ಟಿಗೆ ಬೇರೆಯದಕ್ಕೆ. ಅದೇನೆಂದು ಗೊತ್ತಾದರೆ ಯಾವುದು ಕೊಳ್ಳಬೇಕು ಅನ್ನುವ ಪ್ರಶ್ನೆಯೂ ಸ್ವಲ್ಪ ಸಲೀಸಾಗುತ್ತದೆ.

ಮೊದಲು ದುಡ್ಡಿನ ಮಾತು. 2006ರ ನವೆಂಬರ್‌ನಲ್ಲಿ ಸೋನಿ ಅಮೆರಿಕದಲ್ಲಿ ಪ್ಲೇಸ್ಟೇಷನ್ 3 ಬಿಟ್ಟಾಗ 20 ಜಿಬಿ ಮಾದರಿಗೆ ಬೆಲೆ 499 ಡಾಲರ್. ಐಸಪ್ಲೈ ಎಂಬ ಮಾರುಕಟ್ಟೆ ಸಂಶೋಧನಾ ಸಂಸ್ಥೆ ಅದನ್ನು ಬಿಚ್ಚಿ ಒಂದೊಂದೇ ಭಾಗಕ್ಕೆ ಬೆಲೆ ಕಟ್ಟಿತು. ಬಿಡಿಭಾಗ, ಜೋಡಣೆ ಸೇರಿ ಸುಮಾರು 805 ಡಾಲರ್ ಬಂತು. ಅಂದರೆ ಒಂದೊಂದು ಪೆಟ್ಟಿಗೆ ಮಾರಿದಾಗಲೂ ಸೋನಿ ಮುನ್ನೂರು ಡಾಲರ್ ಕೈಯಿಂದ ಕಳೆದುಕೊಳ್ಳುತ್ತಿತ್ತು. ಇದೊಂದು ಅಪರೂಪದ ಪ್ರಸಂಗ ಅಂದುಕೊಳ್ಳಬೇಡಿ. 2021ರ ಮೇ ತಿಂಗಳಲ್ಲಿ ಆಟ ತಯಾರಿಸುವ ಎಪಿಕ್ ಕಂಪನಿ ಮತ್ತು ಆಪಲ್ ನಡುವಿನ ಮೊಕದ್ದಮೆಯಲ್ಲಿ ಸಾಕ್ಷಿ ನುಡಿದ ಎಕ್ಸ್‌ಬಾಕ್ಸ್ ವಿಭಾಗದ ಲೋರಿ ರೈಟ್, ಕನ್ಸೋಲ್ ಮಾರಾಟದಿಂದ ತಮ್ಮ ಕಂಪನಿ ಯಾವತ್ತೂ ಲಾಭ ಮಾಡಿಲ್ಲ ಎಂದು ನ್ಯಾಯಾಲಯದಲ್ಲೇ ಹೇಳಿದರು.

ನಷ್ಟಕ್ಕೆ ಯಾಕೆ ಮಾರುತ್ತಾರೆ? ಇದು ಶಿರಸಿಯವರಿಗೆ ಬಿಡಿಸಿ ಹೇಳಬೇಕಾದ ವಿಷಯವೇ ಅಲ್ಲ. ಅಡಿಕೆ ವ್ಯಾಪಾರದ ವಖಾರಿಯವರು ಮಳೆಗಾಲದಲ್ಲಿ ಬೆಳೆಗಾರನಿಗೆ ಮುಂಗಡ ಕೊಡುತ್ತಾರೆ. ಚಾಲಿ ಅಡಿಕೆ ಒಣಗಿ ಮೂಟೆ ಕಟ್ಟಿದ ಮೇಲೆ ಅದು ಅದೇ ವಖಾರಿಗೆ ಹೋಗಬೇಕು, ದಲಾಲಿ ಅಲ್ಲಿ ಮುರಿಯುತ್ತದೆ. ಕನ್ಸೋಲ್ ಕಂಪನಿ ಕೊಡುವ ಮುಂಗಡವೇ ಆ ಅಗ್ಗದ ಪೆಟ್ಟಿಗೆ. ಪಿಎಸ್5ನಲ್ಲಿ ಡೌನ್‌ಲೋಡ್ ಮಾಡುವ ಆಟ ಸೋನಿಯ ಆನ್‌ಲೈನ್ ಅಂಗಡಿಯಿಂದಲೇ ಬರಬೇಕು. ಯಾರೇ ಆ ಆಟ ಮಾಡಿರಲಿ, ಮಾರಿದ ಬೆಲೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ 30 ಅಂಗಡಿಯವರ ಪಾಲು. ಡಿಸ್ಕ್ ಕೊಂಡರೂ ಪರವಾನಗಿ ಶುಲ್ಕ ಎಂದು ಒಂದು ಪಾಲು ಕಂಪನಿಗೆ ಸಂದೇ ಸಲ್ಲುತ್ತದೆ. ಮೇಲಿಂದ ಆನ್‌ಲೈನ್ ಆಡಲು ಚಂದಾ, ಎರಡನೇ ಕಂಟ್ರೋಲರ್. ಐದಾರು ವರ್ಷ ಒಬ್ಬ ಗಿರಾಕಿ ತನ್ನ ಅಂಗಡಿ ಬಿಟ್ಟು ಹೋಗದಿದ್ದರೆ ಆ ಮುನ್ನೂರು ಡಾಲರ್ ಬಡ್ಡಿ ಸಮೇತ ವಾಪಸ್.

ಹಾಗಾಗಿ ಪೈಪೋಟಿಯ ಮೂಲ ಪ್ರಶ್ನೆ ಎರಡೇ: ಗಿರಾಕಿಯನ್ನು ಒಳಗೆ ಕರೆದುಕೊಳ್ಳುವುದು ಹೇಗೆ, ಹೊರಗೆ ಹೋಗದಂತೆ ನೋಡಿಕೊಳ್ಳುವುದು ಹೇಗೆ? ಒಳಗೆ ಕರೆಯಲು ಬೇರೆಲ್ಲೂ ಸಿಗದ ಆಟಗಳು. ಮಾರಿಯೊ ಬೇಕಾದರೆ ನಿಂಟೆಂಡೊ, ಹೇಲೊ ಬೇಕಾದರೆ (ಈಚಿನವರೆಗೂ) ಎಕ್ಸ್‌ಬಾಕ್ಸ್, ಗ್ರ್ಯಾನ್ ಟುರಿಸ್ಮೊ ಬೇಕಾದರೆ ಪ್ಲೇಸ್ಟೇಷನ್. ಹೊರಗೆ ಹೋಗದಿರಲು, ಡೌನ್‌ಲೋಡ್ ಮಾಡಿ ಕೊಂಡ ಆಟಗಳು ಸಾಮಾನ್ಯವಾಗಿ ಇನ್ನೊಂದು ಕಂಪನಿಯ ಪೆಟ್ಟಿಗೆಯಲ್ಲಿ ನಡೆಯುವುದಿಲ್ಲ. ಜತೆಗೆ ಗೆಳೆಯರ ಬಳಗ. ಬೆಂಗಳೂರಿನ ದೊಡ್ಡಪ್ಪನ ಮಗನ ಹತ್ತಿರ ಪ್ಲೇಸ್ಟೇಷನ್ ಇದೆ ಅಂದರೆ ಶಿರಸಿಯವನಿಗೂ ಅದೇ ಬೇಕು; ಯಾವ ಜಾಹೀರಾತೂ ಮಾಡದ ಕೆಲಸವನ್ನು ದಾಯಾದಿಗಳು ಮಾಡುತ್ತಾರೆ.

ಈ ಆಟದ ಎಲ್ಲ ಪಟ್ಟುಗಳೂ ಒಟ್ಟಿಗೆ ಕಾಣಸಿಗುವುದು 2005ರಿಂದ 2008ರವರೆಗಿನ ಕಾಲದಲ್ಲಿ. ಅಲ್ಲಿ ಸ್ವಲ್ಪ ನಿಲ್ಲೋಣ.

ಅದಕ್ಕೆ ಮುಂಚೆ ಒಂದು ಹಳೇ ಮುನಿಸು ತಿಳಿದಿರಬೇಕು. ಸೋನಿ ಈ ರಂಗಕ್ಕೆ ಇಳಿದದ್ದೇ ನಿಂಟೆಂಡೊದ ಜತೆಗಾರನಾಗಿ. 1991ರ ಜೂನ್‌ನಲ್ಲಿ ಶಿಕಾಗೊದ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ, ನಿಂಟೆಂಡೊ ಜತೆ ಸೇರಿ ಸಿಡಿ ಹಾಕುವ ಯಂತ್ರ ತರುತ್ತೇವೆ ಎಂದು ಸೋನಿ ಘೋಷಿಸಿತು. ಮರುದಿನವೇ ಅದೇ ಮೇಳದಲ್ಲಿ ನಿಂಟೆಂಡೊ ತಾನು ಫಿಲಿಪ್ಸ್ ಜತೆ ಹೋಗುವುದಾಗಿ ಹೇಳಿಬಿಟ್ಟಿತು. ಮದುವೆ ಮನೆಯಲ್ಲೇ ಆದ ಈ ಅವಮಾನವನ್ನು ನುಂಗಿಕೊಂಡು, ಎಂಜಿನಿಯರ್ ಕೆನ್ ಕುಟರಾಗಿ ಹಟ ಹಿಡಿದು ಸೋನಿಯ ಸ್ವಂತ ಯಂತ್ರ ಕಟ್ಟಿಸಿದರು. 1994ರ ಡಿಸೆಂಬರ್ 3ರಂದು ಜಪಾನಿನಲ್ಲಿ ಮೊದಲ ಪ್ಲೇಸ್ಟೇಷನ್ ಬಂತು. 2000ದಲ್ಲಿ ಬಂದ ಪಿಎಸ್2 ಜಗತ್ತಿನಲ್ಲಿ 15 ಕೋಟಿಗೂ ಹೆಚ್ಚು ಮಾರಾಟವಾಯಿತು. ಡಿವಿಡಿ ಪ್ಲೇಯರೂ ಅದರಲ್ಲೇ ಇದ್ದದ್ದು ಒಂದು ಕಾರಣ. ನಮ್ಮ ಕಡೆ ಟಿವಿಗೆ ಸಿಕ್ಕಿಸಿ ಆಡುವ, ನಿಂಟೆಂಡೊ ನಕಲಿನ, ಹಳದಿ ಕ್ಯಾಸೆಟ್ಟಿನ ವಿಡಿಯೊ ಗೇಮ್ ಬಿಟ್ಟು ಮುಂದೆ ಹೋದ ಮಕ್ಕಳಲ್ಲಿ ಹೆಚ್ಚಿನವರು ಹೋಗಿದ್ದು ಪಿಎಸ್2ಗೇ, ಅದೂ ‘ಚಿಪ್ಪಿಂಗ್’ ಮಾಡಿಸಿ ನಕಲಿ ಡಿಸ್ಕ್ ಓಡುವಂತೆ ಮಾಡಿದ್ದಕ್ಕೆ. ದಲಾಲಿ ತಪ್ಪಿಸುವ ದಾರಿ ಅದು. ಕಂಪನಿಗಳು ಆಮೇಲೆ ಯಂತ್ರಗಳಿಗೆ ಬೀಗದ ಮೇಲೆ ಬೀಗ ಜಡಿದದ್ದು ಸುಮ್ಮನೆ ಅಲ್ಲ.

ಮೈಕ್ರೋಸಾಫ್ಟ್ ಒಂದು ಪಾಠ ಕಲಿತಿತ್ತು: ಮೊದಲು ಬಂದವನಿಗೆ ಜಾಗ. 2005ರ ನವೆಂಬರ್ 22ರಂದು, ಸೋನಿಗಿಂತ ಒಂದು ವರ್ಷ ಮುಂಚೆ, ಎಕ್ಸ್‌ಬಾಕ್ಸ್ 360 ಬಂತು. ಬೆಲೆ 299 ಮತ್ತು 399 ಡಾಲರ್. ಭಾರತಕ್ಕೂ ಮೊದಲು ಅದೇ ಬಂತು, 2006ರ ಸೆಪ್ಟೆಂಬರ್‌ನಲ್ಲಿ. ಪಿಎಸ್3 ಇಲ್ಲಿಗೆ ಬರುವಾಗ 2007ರ ಏಪ್ರಿಲ್, ಬೆಲೆ 39,990 ರೂಪಾಯಿ. ಆಗಿನ ಕಾಲಕ್ಕೆ ಅದು ಒಂದು ಬೈಕಿನ ದುಡ್ಡು.

ಸೋನಿ ತಡವಾಗಿದ್ದಕ್ಕೂ ದುಬಾರಿಯಾಗಿದ್ದಕ್ಕೂ ಮುಖ್ಯ ಕಾರಣ ಎರಡು. ಒಂದು, ಐಬಿಎಂ ಮತ್ತು ತೋಷಿಬಾ ಜತೆ ಸೇರಿ ಹೊಸದಾಗಿ ಕಟ್ಟಿದ ‘ಸೆಲ್’ ಎಂಬ ಪ್ರೊಸೆಸರ್. ಕಾಗದದ ಮೇಲೆ ಅದ್ಭುತ. ಆಟ ಬರೆಯುವವರಿಗೆ ತಲೆನೋವು. ಒಂದು ಮುಖ್ಯ ಕೋರ್ (ಲೆಕ್ಕ ಮಾಡುವ ಭಾಗ), ಅದರ ಸುತ್ತ ಬೇರೆಯೇ ರೀತಿ ನಡೆಯುವ ಪುಟ್ಟ ಕೋರ್‌ಗಳು. ಯಾವ ಕೆಲಸ ಯಾವುದಕ್ಕೆ ಅಂತ ಪ್ರೋಗ್ರಾಮರ್ ತಾನೇ ಹಂಚಿಕೊಡಬೇಕಿತ್ತು. ಎರಡೂ ಯಂತ್ರಕ್ಕೆ ಬಂದ ಎಷ್ಟೋ ಆಟಗಳು ಎಕ್ಸ್‌ಬಾಕ್ಸ್‌ನಲ್ಲೇ ಸಲೀಸಾಗಿ ಓಡಿದ್ದು ಇದರಿಂದ. ಎರಡನೆಯದು ಬ್ಲೂ-ರೇ ಡ್ರೈವ್. ಡಿವಿಡಿಯ ಮುಂದಿನ ಡಿಸ್ಕ್ ಯಾರದ್ದು ಅನ್ನುವ ಇನ್ನೊಂದು ಕುಸ್ತಿ ಆಗ ನಡೆದಿತ್ತು: ಸೋನಿ ಬಳಗದ ಬ್ಲೂ-ರೇ, ತೋಷಿಬಾ ಬಳಗದ ಎಚ್‌ಡಿ ಡಿವಿಡಿ. ಸೋನಿ ಪ್ರತಿ ಪಿಎಸ್3ರೊಳಗೂ ಬ್ಲೂ-ರೇ ಪ್ಲೇಯರ್ ತುರುಕಿ ಮನೆಮನೆಗೆ ಕಳಿಸಿತು. 2008ರ ಫೆಬ್ರುವರಿಯಲ್ಲಿ ತೋಷಿಬಾ ಸೋಲೊಪ್ಪಿತು. ಕನ್ಸೋಲ್ ಕಣದಲ್ಲಿ ರಕ್ತ ಹರಿಸಿ ಡಿಸ್ಕಿನ ಕಣ ಗೆದ್ದ ಹಾಗಾಯಿತು. ಆಮೇಲೆ ಕೆಲವೇ ವರ್ಷಕ್ಕೆ ಜನ ಡಿಸ್ಕನ್ನೇ ಬಿಟ್ಟು ಸ್ಟ್ರೀಮಿಂಗಿಗೆ ಹೋದರು; ಆ ಗೆಲುವಿನ ಬೆಲೆ ಎಷ್ಟು ಅಂತ ಸೋನಿಯವರೇ ಹೇಳಬೇಕು.

ಇತ್ತ ಮೈಕ್ರೋಸಾಫ್ಟ್ ಅವಸರಕ್ಕೆ ದಂಡ ತೆತ್ತಿತು. ಎಕ್ಸ್‌ಬಾಕ್ಸ್ 360ರ ಪವರ್ ಗುಂಡಿಯ ಸುತ್ತ ನಾಲ್ಕು ತುಂಡಿನ ಬೆಳಕಿನ ಉಂಗುರ ಇರುತ್ತಿತ್ತು. ಅದರಲ್ಲಿ ಮೂರು ತುಂಡು ಕೆಂಪಾಗಿ ಮಿನುಗಿದರೆ ಯಂತ್ರ ಸತ್ತಂತೆ. ಆನ್ ಮಾಡಿದಾಗ ಚಿಪ್ ಕಾಯುತ್ತದೆ, ಆಫ್ ಮಾಡಿದಾಗ ತಣಿಯುತ್ತದೆ. ಹಿಗ್ಗಿ ಕುಗ್ಗಿ, ಹಿಗ್ಗಿ ಕುಗ್ಗಿ, ಚಿಪ್ಪಿನಡಿಯ ಸಣ್ಣ ಬೆಸುಗೆಗಳು ಬಿರುಕು ಬಿಡುತ್ತಿದ್ದವು. ಟವೆಲ್ ಸುತ್ತಿ ಬೇಕೆಂದೇ ಕಾಯಿಸಿದರೆ ತಾತ್ಕಾಲಿಕವಾಗಿ ಸರಿಯಾಗುತ್ತದೆ ಅನ್ನುವ ಉಪಾಯ ಲೋಕದ ತುಂಬ ಹಬ್ಬಿತ್ತು. ದಯವಿಟ್ಟು ಯಾವ ಯಂತ್ರಕ್ಕೂ ಹಾಗೆ ಮಾಡಬೇಡಿ. 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ವಾರಂಟಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿ, ಅದಕ್ಕಾಗಿ 100 ಕೋಟಿ ಡಾಲರಿಗೂ ಹೆಚ್ಚು ಹಣ ತೆಗೆದಿಟ್ಟಿತು. ಅಷ್ಟು ಖರ್ಚು ಮಾಡಿದ್ದರಿಂದಲೇ ಎಕ್ಸ್‌ಬಾಕ್ಸ್ ಎಂಬ ಹೆಸರು ಉಳಿಯಿತು ಅನ್ನುವುದು ನನ್ನ ಅಂದಾಜು.

ಶಾಖದ ಮಾತು ಬಂತಲ್ಲ, ಕಾರವಾರದಲ್ಲಿ ಅದಕ್ಕೆ ಉಪ್ಪೂ ಸೇರುತ್ತದೆ. ಕೋಡಿಬಾಗ ಕಡೆಯ ಸಮುದ್ರಕ್ಕೆ ಮುಖ ಮಾಡಿದ ಮನೆಯಲ್ಲಿ ಎರಡು ಮಳೆಗಾಲ ಕಂಡ ಕನ್ಸೋಲನ್ನು ರಿಪೇರಿ ಮೇಜಿನ ಮೇಲೆ ಬಿಚ್ಚಿದರೆ ಮೊದಲು ಕಾಣುವುದು ಫ್ಯಾನಿನ ರೆಕ್ಕೆಗಳಿಗೆ ಮೆತ್ತಿಕೊಂಡ ತೇವದ ಬೂದು ಧೂಳು. ಊದಿದರೆ ಹಾರುವುದಿಲ್ಲ, ಬ್ರಷ್ಷಿನಿಂದ ಕೆರೆಯಬೇಕು. ಶಾಖ ಹೊರಹಾಕುವ ಅಲ್ಯೂಮಿನಿಯಂ ಹಲ್ಲುಗಳ ಮೇಲೆ ಬಿಳಿ ಪುಡಿ. ಎಚ್‌ಡಿಎಂಐ ಕಿಂಡಿಯ ಅಂಚಿನಲ್ಲಿ ಹಸಿರು ಕಿಲುಬು. ಒಳಗಿನ ಬೆಚ್ಚನೆ ಮೂಲೆಯಲ್ಲಿ ಹಲ್ಲಿಯ ಮೊಟ್ಟೆಯ ಸಿಪ್ಪೆ. ಗಾಜಿನ ಬಾಗಿಲಿನ ಶೋಕೇಸಿನೊಳಗೆ ಇಟ್ಟಿದ್ದರೆ ಇದೆಲ್ಲ ಕಡಿಮೆ, ಆದರೆ ಕಾವು ಹೊರಗೆ ಹೋಗುವ ದಾರಿಯೂ ಬಂದ್. ತೆರೆದ ಕಡೆ ಇಟ್ಟು, ಆಡದಿದ್ದಾಗ ಹತ್ತಿ ಬಟ್ಟೆ ಮುಚ್ಚಿ, ಆಡುವಾಗ ಮರೆಯದೆ ತೆಗೆಯುವುದೇ ಇಲ್ಲಿಗೆ ಸರಿ.

ಇಬ್ಬರು ಹೀಗೆ ಗುದ್ದಾಡುತ್ತಿರುವಾಗ ನಿಂಟೆಂಡೊ ಪಕ್ಕದ ಗದ್ದೆಯಲ್ಲಿ ಬಿತ್ತಿತು. ಸತೋರು ಇವಾಟ ಅಧ್ಯಕ್ಷರಾಗಿದ್ದಾಗ ಬಂದ ವೀ ಯಂತ್ರ ಶಕ್ತಿಯಲ್ಲಿ ಇವರಿಬ್ಬರ ಹತ್ತಿರಕ್ಕೂ ಬರುತ್ತಿರಲಿಲ್ಲ. ಬೆಲೆ 249 ಡಾಲರ್ ಮಾತ್ರ. ಆದರೆ ಕೈಯಲ್ಲಿ ಹಿಡಿದು ಬೀಸಿದರೆ ಟೆನಿಸ್ ಆಡುವ ರಿಮೋಟ್ ಅದರಲ್ಲಿತ್ತು. ಅಜ್ಜಿಯೂ ಆಡಬಹುದಿತ್ತು, ಆಡಿದರು ಕೂಡ. 10 ಕೋಟಿಗೂ ಮಿಕ್ಕಿ ಮಾರಾಟವಾಗಿ ಆ ತಲೆಮಾರಿನಲ್ಲಿ ಅದೇ ಮೊದಲಾಯಿತು.

ಸರಿ, 2013ಕ್ಕೆ ಬರೋಣ. ನಮ್ಮ ಜಿಲ್ಲೆಯವರು ನೆನಪಿಡಬೇಕಾದ ಪ್ರಸಂಗ ಇದ್ದರೆ ಇದೇ. ಎಕ್ಸ್‌ಬಾಕ್ಸ್ ಒನ್ ಘೋಷಿಸುವಾಗ ಮೈಕ್ರೋಸಾಫ್ಟ್ ಎರಡು ಷರತ್ತು ಹಾಕಿತ್ತು. ಯಂತ್ರ 24 ಗಂಟೆಗೊಮ್ಮೆ ಇಂಟರ್ನೆಟ್ ಮೂಲಕ ಕಂಪನಿಗೆ ವರದಿ ಒಪ್ಪಿಸಬೇಕು, ಇಲ್ಲವಾದರೆ ಆಟ ನಿಲ್ಲುತ್ತದೆ. ಹಳೇ ಡಿಸ್ಕನ್ನು ಇನ್ನೊಬ್ಬರಿಗೆ ಮಾರಲು, ಕೊಡಲು ಕಟ್ಟುಪಾಡು. ಮರ ಬಿದ್ದು ತಂತಿ ಹರಿದು ಮೂರು ದಿನ ಕರೆಂಟೂ ಇಲ್ಲ, ಬಂದ ಮೇಲೆ ನೆಟ್ಟೂ ಇಲ್ಲ ಅನ್ನುವುದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಆಷಾಢದ ಮಾಮೂಲು. ಅಂಥ ಕಡೆ ಈ ಯಂತ್ರ ತಿಂಗಳುಗಟ್ಟಲೆ ಅಲಂಕಾರದ ವಸ್ತು. ನೆಟ್ ಇಲ್ಲದವರ ಗತಿಯೇನು ಎಂದು ಕೇಳಿದಾಗ ಎಕ್ಸ್‌ಬಾಕ್ಸ್ ವಿಭಾಗದ ಮುಖ್ಯಸ್ಥ ಡಾನ್ ಮ್ಯಾಟ್ರಿಕ್, ಅವರಿಗೆ ಎಕ್ಸ್‌ಬಾಕ್ಸ್ 360 ಇದೆಯಲ್ಲ ಅನ್ನುವ ಅರ್ಥದ ಉತ್ತರ ಕೊಟ್ಟರು. ಅಣು ಜಲಾಂತರ್ಗಾಮಿಯಲ್ಲಿ ಕೆಲಸ ಮಾಡುವವನೊಬ್ಬ ದೂರಿದ್ದನ್ನೂ ಅವರೇ ಪ್ರಸ್ತಾಪಿಸಿದರು. ಐಎನ್‌ಎಸ್ ಕದಂಬ ನೌಕಾನೆಲೆ ಇರುವ ಕಾರವಾರದಲ್ಲಿ, ತಿಂಗಳುಗಟ್ಟಲೆ ಹಡಗಿನಲ್ಲಿರುವ ನೌಕಾಪಡೆಯವರ ನೆರೆಯಲ್ಲಿ ಬದುಕುವವರಿಗೆ ಆ ದೂರು ತಮಾಷೆಯದ್ದಾಗಿ ಕೇಳಿಸುವುದಿಲ್ಲ.

ಸೋನಿ ಅದೇ ವರ್ಷ ಜೂನ್‌ನಲ್ಲಿ ಇ3 ಎಂಬ ವಿಡಿಯೊ ಗೇಮ್ ಮೇಳದಲ್ಲಿ ಪಿಎಸ್4ಕ್ಕೆ ಎಕ್ಸ್‌ಬಾಕ್ಸ್ ಒನ್‌ಗಿಂತ 100 ಡಾಲರ್ ಕಡಿಮೆ ಬೆಲೆ ಹೇಳಿತು, 399. ಡಿಸ್ಕ್ ಹಂಚಿಕೊಳ್ಳುವುದು ಹೇಗೆ ಎಂದು ತೋರಿಸುವ ಒಂದು ವಿಡಿಯೊ ಬಿಟ್ಟಿತು: ಒಬ್ಬ ಇನ್ನೊಬ್ಬನ ಕೈಗೆ ಡಿಸ್ಕ್ ಕೊಡುತ್ತಾನೆ, ಮುಗಿಯಿತು. ಕೆಲವೇ ದಿನದಲ್ಲಿ, ಜೂನ್ 19ಕ್ಕೆ, ಮೈಕ್ರೋಸಾಫ್ಟ್ ಎರಡೂ ಷರತ್ತು ಕೈಬಿಟ್ಟಿತು. ತಡವಾಗಿತ್ತು. ಪಿಎಸ್4 ಮುಂದೆ 11 ಕೋಟಿ ದಾಟಿತು. ಎಕ್ಸ್‌ಬಾಕ್ಸ್ ಎಷ್ಟು ಮಾರಿತು ಅಂತ ಹೇಳುವುದನ್ನೇ ಮೈಕ್ರೋಸಾಫ್ಟ್ 2015ರಿಂದ ನಿಲ್ಲಿಸಿದೆ.

2020ರ ಸುತ್ತಿಗೆ ಬಂದರೆ, ಟೆರಾಫ್ಲಾಪ್ ಹೇಳುವ ಮಗನಿಗೆ ಉತ್ತರ ಇಲ್ಲಿದೆ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ಗೆ 12 ಟೆರಾಫ್ಲಾಪ್, ಪಿಎಸ್5ಗೆ ಹತ್ತಕ್ಕಿಂತ ಚೂರು ಮೇಲೆ. ಟೆರಾಫ್ಲಾಪ್ ಎಂದರೆ ಗ್ರಾಫಿಕ್ಸ್ ಚಿಪ್ ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಮಾಡಬಲ್ಲದು ಅನ್ನುವ ಗರಿಷ್ಠ ಮಿತಿ ಅಷ್ಟೆ. ಸೋನಿ ಒತ್ತು ಕೊಟ್ಟಿದ್ದು ಸಂಗ್ರಹಕ್ಕೆ: ಅದರ ಎಸ್‌ಎಸ್‌ಡಿ ಸೆಕೆಂಡಿಗೆ 5.5 ಜಿಬಿ ಓದುತ್ತದೆ, ಎಕ್ಸ್‌ಬಾಕ್ಸಿನದ್ದು 2.4. ಟಿವಿ ಮುಂದೆ ಕೂತಾಗ ಎರಡರ ನಡುವೆ ವ್ಯತ್ಯಾಸ ಹುಡುಕಲು ಭೂತಗನ್ನಡಿ ಬೇಕು. ಯಾಕೆಂದರೆ ಎರಡರ ಗುಂಡಿಗೆಯೂ ಒಬ್ಬರದ್ದೇ, ಎಎಮ್‌ಡಿ ಕಂಪನಿಯದ್ದು: ಅದೇ ಝೆನ್ 2 ಬಗೆಯ ಎಂಟು ಕೋರ್, ಅದೇ 16 ಜಿಬಿ ಮೆಮರಿ. ಸೆಲ್ ಕಾಲದ ದುಸ್ಸಾಹಸ ಯಾರಿಗೂ ಬೇಡವಾಗಿದೆ. ಯಾರು ಗೆದ್ದರೂ ಎಎಮ್‌ಡಿಗೆ ಆರ್ಡರ್.

ಭಾರತದಲ್ಲಿ ಎಕ್ಸ್‌ಬಾಕ್ಸ್ 2020ರ ನವೆಂಬರ್ 10ಕ್ಕೇ ಬಂತು, ಜಗತ್ತಿನ ಜತೆಗೆ. ಪಿಎಸ್5 ಬಂದದ್ದು 2021ರ ಫೆಬ್ರುವರಿ 2ಕ್ಕೆ, 49,990 ರೂಪಾಯಿಗೆ. ಮೂರು ತಿಂಗಳು ತಡವಾದರೂ ಜನ ಕಾದರು. ದಾಯಾದಿಗಳ ಪ್ರಭಾವ ಅಂದೆನಲ್ಲ. ನಿಂಟೆಂಡೊದ ಕಥೆ ಇನ್ನೂ ವಿಚಿತ್ರ. 2017ರ ಸ್ವಿಚ್ 15 ಕೋಟಿ ದಾಟಿದೆ, 2025ರ ಜೂನ್‌ನಲ್ಲಿ ಸ್ವಿಚ್ 2 ಬಂದಿದೆ, ಆದರೆ ಕಂಪನಿ ಭಾರತದಲ್ಲಿ ಅಧಿಕೃತವಾಗಿ ಅಂಗಡಿ ತೆರೆದೇ ಇಲ್ಲ. ನಮ್ಮ ಕರಾವಳಿಗೆ ಅದು ಬರುವುದು ಗಲ್ಫ್‌ನಿಂದ ರಜೆಗೆ ಬಂದವರ ಸೂಟ್‌ಕೇಸಿನಲ್ಲಿ; ಆ ಮಟ್ಟಿಗೆ ಭಟ್ಕಳದ ಹುಡುಗರು ಬೆಂಗಳೂರಿನವರಿಗಿಂತ ಮುಂದು. ಸ್ವಿಚ್‌ನ ಆಟಗಳಿಗೆ ದೇಶದ ಬೀಗ ಇಲ್ಲವಾದ್ದರಿಂದ ದುಬೈನ ಕಾರ್ಟ್ರಿಜ್ ಇಲ್ಲೂ ಓಡುತ್ತದೆ. ವಾರಂಟಿ ಮಾತ್ರ ಅರಬ್ಬಿ ಸಮುದ್ರದ ಆಚೆ.

ಈಗ ಕಾದಾಟದ ನಕ್ಷೆಯೇ ಬದಲಾಗುತ್ತಿದೆ. ಮೈಕ್ರೋಸಾಫ್ಟ್ 6,870 ಕೋಟಿ ಡಾಲರಿಗೆ ಆಟ ತಯಾರಿಸುವ ಆಕ್ಟಿವಿಷನ್ ಬ್ಲಿಝಾರ್ಡ್ ಕಂಪನಿಯನ್ನು ಕೊಳ್ಳಲು ಹೊರಟಾಗ ಅಮೆರಿಕದ ಸರ್ಕಾರಿ ಆಯೋಗ ಕೋರ್ಟಿಗೆ ಹೋಯಿತು. ಅಲ್ಲಿ ಮೈಕ್ರೋಸಾಫ್ಟ್ ಮಂಡಿಸಿದ ವಾದ ಕೇಳಿ: ಕನ್ಸೋಲ್ ಸಮರದಲ್ಲಿ ನಾವು ಸೋತಿದ್ದೇವೆ, ಮೂರರಲ್ಲಿ ಮೂರನೆಯವರು! 2023ರ ಅಕ್ಟೋಬರ್‌ನಲ್ಲಿ ಖರೀದಿ ಮುಗಿಯಿತು. ಆಕ್ಟಿವಿಷನ್‌ನ ಜನಪ್ರಿಯ ಆಟ ಕಾಲ್ ಆಫ್ ಡ್ಯೂಟಿ ಅವರದ್ದಾಯಿತು, ಪ್ಲೇಸ್ಟೇಷನ್‌ನಲ್ಲಿ ಅದು ಮಾರಾಟವಾದರೂ ಈಗ ದುಡ್ಡಿನ ದೊಡ್ಡ ಪಾಲು ಅವರಿಗೇ. ಆಮೇಲೆ ತಮ್ಮದೇ ಆಟಗಳನ್ನು ಎದುರಾಳಿಯ ಅಂಗಡಿಯಲ್ಲಿ ಇಡತೊಡಗಿದರು. 2025ರಲ್ಲಿ ಫೋರ್ಝಾ ಹೊರೈಝನ್ 5 ಪಿಎಸ್5ಗೆ ಬಂತು. ಎಕ್ಸ್‌ಬಾಕ್ಸಿನ ಮನೆದೇವರಂತಿದ್ದ ಹೇಲೊ ಕೂಡ ಬರುವುದಾಗಿ ಅದೇ ವರ್ಷದ ಅಕ್ಟೋಬರ್‌ನಲ್ಲಿ ಘೋಷಣೆಯಾಯಿತು. ತಿಂಗಳ ಚಂದಾಕ್ಕೆ ನೂರಾರು ಆಟ ಕೊಡುವ ಗೇಮ್ ಪಾಸ್, ಏಸುಸ್ ಜತೆ ಮಾಡಿದ ಕೈಯಲ್ಲಿ ಹಿಡಿಯುವ ಯಂತ್ರ, ಎಲ್ಲದರಲ್ಲೂ ಒಂದೇ ಎಣಿಕೆ: ಪೆಟ್ಟಿಗೆ ಯಾರದ್ದಾದರೂ ಇರಲಿ, ಪಾಲು ನಮಗೆ ಬರಲಿ. ನನಗೆ ಇದು ಸೋಲಿನ ಲಕ್ಷಣದಂತೆಯೂ ಕಾಣುವುದಿಲ್ಲ, ಗೆಲುವಿನಂತೆಯೂ ಇಲ್ಲ. ಪೆಟ್ಟಿಗೆಯ ನಷ್ಟ ಹೊರುವ ಕೆಲಸವನ್ನು ಸೋನಿಯ ಹೆಗಲಿಗೆ ಬಿಟ್ಟ ಜಾಣತನದಂತೆ ಕಾಣುತ್ತದೆ.

ಆದರೆ ಸೋನಿಯೂ ಆ ಹೊರೆ ಹೊರಲು ಈಗ ಹಿಂದಿನಷ್ಟು ತಯಾರಿಲ್ಲ. ಮೊದಲೆಲ್ಲ ಕನ್ಸೋಲ್ ಹಳತಾದಂತೆ ಅಗ್ಗವಾಗುತ್ತಿತ್ತು: 299 ಡಾಲರಿನ ಪಿಎಸ್2 2009ಕ್ಕೆ 99ಕ್ಕೆ ಇಳಿದಿತ್ತು. ಈ ಸಲ ಉಲ್ಟಾ. ಅಮೆರಿಕದಲ್ಲಿ 2025ರಲ್ಲಿ ಪಿಎಸ್5 549 ಡಾಲರಿಗೂ ಸೀರೀಸ್ ಎಕ್ಸ್ 649ಕ್ಕೂ ಏರಿದವು. ಭಾರತದಲ್ಲಿ 49,990ರ ಪಿಎಸ್5 ಅದಕ್ಕೂ ಮುಂಚೆಯೇ 54,990 ಆಗಿತ್ತು. ಚಿಪ್ ಸಣ್ಣದಾಗಿಸಿ ಖರ್ಚು ಇಳಿಸುವುದು ಈಗ ಸುಲಭವಿಲ್ಲ. ಜತೆಗೆ ಅಮೆರಿಕದ ಸುಂಕ, 2025ರ ಕೊನೆಗೆ ಎಐ ಡೇಟಾ ಸೆಂಟರ್‌ಗಳು ಬಾಚಿಕೊಂಡು ದುಬಾರಿಯಾದ ಮೆಮರಿ. ಮುಂದಿನ ತಲೆಮಾರಿಗೂ ಇಬ್ಬರೂ ಎಎಮ್‌ಡಿ ಜತೆಗೇ ಕೆಲಸ ಶುರುಮಾಡಿದ್ದಾರೆ. ಅಗ್ಗದ ಮುಂಗಡದ ಕಾಲ ಮುಗಿಯುತ್ತಿದೆ ಅಂತ ನನಗನ್ನಿಸುತ್ತದೆ.

ಹಾಗಾದರೆ ಶಿರಸಿಯ ಆ ಮನೆಯವರು ಏನು ನೋಡಬೇಕು? ನನ್ನ ಕೇಳಿದರೆ ಡಿಸ್ಕ್ ಡ್ರೈವ್ ಇದೆಯಾ ಅಂತ ಮೊದಲು ನೋಡಿ. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೆ ಡ್ರೈವ್ ಇಲ್ಲ, ಪಿಎಸ್5 ಡಿಜಿಟಲ್ ಮಾದರಿಗೂ ಇಲ್ಲ. ಕೊಳ್ಳುವಾಗ ಸಾವಿರಾರು ರೂಪಾಯಿ ಉಳಿಯುತ್ತದೆ ನಿಜ. ಆದರೆ ಈಗಿನ ದೊಡ್ಡ ಆಟವೊಂದು 100 ಜಿಬಿ ಆಗುವುದು ಸಾಮಾನ್ಯ. 10 ಎಂಬಿಪಿಎಸ್ ನೆಟ್‌ನಲ್ಲಿ ಅದು ಇಳಿಯಲು 22 ಗಂಟೆ, ಅದೂ ನಡುವೆ ಕರೆಂಟು ಹೋಗದಿದ್ದರೆ. ಡಿಸ್ಕ್ ಇದ್ದರೂ ಅಪ್‌ಡೇಟ್ ಇಳಿಸಬೇಕಾಗುತ್ತದೆ, ಆದರೆ ಬಹಳಷ್ಟು ಆಟಗಳಿಗೆ ಹೊರೆ ಕಡಿಮೆ. ಮುಗಿದ ಆಟವನ್ನು ಕುಮಟೆಯ ಗೆಳೆಯನಿಗೆ ಕೊಟ್ಟು ಅವನದ್ದನ್ನು ತರಬಹುದು, ಮಾರಲೂಬಹುದು. ಡಿಜಿಟಲ್ ಆಟದಲ್ಲಿ ಅದಕ್ಕೆ ದಾರಿಯಿಲ್ಲ, ಅಂಗಡಿಯೂ ಒಂದೇ, ಬೆಲೆಯೂ ಅವರು ಹೇಳಿದ್ದೇ. ನಗರದಲ್ಲಿ ನೂರು ಎಂಬಿಪಿಎಸ್ ಫೈಬರ್ ಇದ್ದು, ವರ್ಷಕ್ಕೆ ಹತ್ತಾರು ಆಟ ರುಚಿ ನೋಡುವ ಚಟ ಇರುವವರಿಗೆ ಮಾತ್ರ ಸೀರೀಸ್ ಎಸ್ ಜತೆ ಗೇಮ್ ಪಾಸ್ ಲೆಕ್ಕ ಕೂಡಿಬರಬಹುದು. ಅದರ ಚಂದಾ ಈಚಿನ ವರ್ಷಗಳಲ್ಲಿ ಹಲವು ಸಲ ಏರಿದೆ ಅನ್ನುವುದು ಗಮನದಲ್ಲಿರಲಿ.

ಕರೆಂಟಿನ ವಿಚಾರ: ದೊಡ್ಡ ಆಟ ಓಡುವಾಗ ಪಿಎಸ್5 200 ವಾಟ್ ಆಸುಪಾಸು ಎಳೆಯುತ್ತದೆ, ಟಿವಿಯದ್ದು ಬೇರೆ. ಮನೆಯ ಇನ್ವರ್ಟರ್ ತಡೆದುಕೊಳ್ಳುತ್ತದೆ, ಆದರೆ ಬೇಗ ಖಾಲಿ. ಕರೆಂಟು ಕಣ್ಣುಮುಚ್ಚಾಲೆ ಆಡುವ ದಿನಗಳಲ್ಲಿ ರೆಸ್ಟ್ ಮೋಡ್‌ನಲ್ಲಿ ಬಿಡದೆ ಪೂರ್ತಿ ಆಫ್ ಮಾಡಿ, ಗುಡುಗು ಶುರುವಾದರೆ ಪ್ಲಗ್ಗನ್ನೂ ಲ್ಯಾನ್ ತಂತಿಯನ್ನೂ ಕಿತ್ತಿಡಿ. ಸಿಡಿಲಿಗೆ ಸುಟ್ಟ ಬೋರ್ಡಿಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ.